ಅಂತರ್ಜಾಲದ ಗೀಳು, ಮನಸ್ಸಿನ ಗೋಳು: ಮಾದಾಪುರದ ಕನ್ನಡಿಗರು ಯೋಚಿಸಬೇಕಾದ ವಿಷಯ

ಮಾದಾಪುರ (ಹೈದರಾಬಾದ್): ಉದ್ಯೋಗ ಅರಸಿ ಊರು ಬಿಟ್ಟು ಬಂದವರಿಗೆ ಅಂತರ್ಜಾಲ ಒಂದು ವರದಾನ ಎಂಬುದರಲ್ಲಿ ಎರಡು ಮಾತಿಲ್ಲ. ಕಲಬುರಗಿಯಲ್ಲಿರುವ ಅವ್ವನ ಮುಖವನ್ನು ಮಾದಾಪುರದ ಕೋಣೆಯಲ್ಲಿ ಕುಳಿತೇ ನೋಡಬಹುದು. ಊರಿನ ಜಾತ್ರೆಯ ತೇರು ಎಳೆಯುವುದನ್ನು ನೇರ ಪ್ರಸಾರದಲ್ಲಿ ಕಂಡು ಕೈ ಮುಗಿಯಬಹುದು. ಕನ್ನಡ ಪತ್ರಿಕೆ, ಕನ್ನಡ ಹಾಡು, ಕನ್ನಡ ಹಾಸ್ಯ ಎಲ್ಲವೂ ಅಂಗೈಯಲ್ಲಿವೆ. ಆದರೆ ಅದೇ ಅಂಗೈಯ ಯಂತ್ರ ರಾತ್ರಿ ಎರಡು ಗಂಟೆಯವರೆಗೆ ಕಣ್ಣು ಮುಚ್ಚಗೊಡದಿದ್ದರೆ, ಮನೆಯ ನಾಲ್ಕು ಜನ ನಾಲ್ಕು ಮೂಲೆಯಲ್ಲಿ ತಲೆ ತಗ್ಗಿಸಿ ಕುಳಿತರೆ, ಕೋಣೆಯಲ್ಲಿ ಒಂಟಿಯಾಗಿರುವ ಯುವಕ ದಿನದಿಂದ ದಿನಕ್ಕೆ ಇನ್ನಷ್ಟು ಒಂಟಿಯಾಗುತ್ತ ಹೋದರೆ ಅದನ್ನು ವರದಾನ ಎನ್ನಬೇಕೋ ಶಾಪ ಎನ್ನಬೇಕೋ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ.

ಈ ಪ್ರಶ್ನೆಯನ್ನು ಕೇಳಲು ಮಾದಾಪುರಕ್ಕಿಂತ ಸೂಕ್ತವಾದ ಜಾಗ ಮತ್ತೊಂದಿಲ್ಲ. 1998ರ ನವೆಂಬರ್ 22ರಂದು ಆಗಿನ ಪ್ರಧಾನಿ ಅಟಲ್ ಬಿಹಾರಿ ವಾಜಪೇಯಿ ಅವರು ಇಲ್ಲಿ ಸೈಬರ್ ಟವರ್ಸ್ ಕಟ್ಟಡವನ್ನು ಉದ್ಘಾಟಿಸಿದರು. ಬಂಡೆಗಳಿಂದ ತುಂಬಿದ್ದ ಈ ಪ್ರದೇಶ ಹೈಟೆಕ್ ಸಿಟಿಯಾಯಿತು. ಹೈದರಾಬಾದಿನ ಹಳೆಯ ಕನ್ನಡಿಗರಿಗೆ ಕಾಚಿಗುಡ ಮತ್ತು ಅಲ್ಲಿನ ಕರ್ನಾಟಕ ಸಾಹಿತ್ಯ ಮಂದಿರ ನೆಲೆಯಾಗಿದ್ದರೆ, ಕಳೆದ ಎರಡೂವರೆ ದಶಕಗಳಲ್ಲಿ ಬಂದ ಹೊಸಬರಲ್ಲಿ ಅನೇಕರಿಗೆ ಮಾದಾಪುರ, ಕೊಂಡಾಪುರ, ಗಚ್ಚಿಬೌಲಿಗಳೇ ಊರು. ಬೀದರ್, ಕಲಬುರಗಿ, ರಾಯಚೂರುಗಳಿಗೆ ಹೈದರಾಬಾದ್ ಹೊಸದಲ್ಲ. 1956ರವರೆಗೆ ಅವೆಲ್ಲ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಹಿಂದೆ ಓದಿಗೆ, ಆಸ್ಪತ್ರೆಗೆ, ವ್ಯಾಪಾರಕ್ಕೆ ಬರುತ್ತಿದ್ದರು. ಈಗ ಅವರ ಮಕ್ಕಳು ಸಾಫ್ಟ್‌ವೇರ್ ಕೆಲಸಕ್ಕೆ ಬರುತ್ತಿದ್ದಾರೆ. ಅಯ್ಯಪ್ಪ ಸೊಸೈಟಿಯ ಹಾಸ್ಟೆಲುಗಳಲ್ಲಿ ಒಂದೇ ಕೋಣೆಯಲ್ಲಿ ಎರಡು, ಮೂರು ಮಂಚ. ಸಹವಾಸಿಗಳ ಭಾಷೆ ಬೇರೆ, ಪಾಳಿ ಬೇರೆ. ಹೀಗಿರುವಾಗ ಫೋನೇ ಸಂಗಾತಿಯಾಗುವುದರಲ್ಲಿ ಆಶ್ಚರ್ಯವಿಲ್ಲ.

ಲಗಾಮು ಕಳಚಿದ್ದು ಹೇಗೆ?

ಭಾರತದಲ್ಲಿ ಸಾರ್ವಜನಿಕರಿಗೆ ಅಂತರ್ಜಾಲ ಸೇವೆ ದೊರೆತದ್ದು 1995ರ ಆಗಸ್ಟ್ 15ರಂದು, ವಿಎಸ್‌ಎನ್‌ಎಲ್ ಮೂಲಕ. ಆಮೇಲೆ ಬಂದ ಸೈಬರ್ ಕೆಫೆಗಳ ಕಾಲ ಅನೇಕ ಓದುಗರಿಗೆ ನೆನಪಿರಬಹುದು. ಗಂಟೆಗೆ ಇಷ್ಟು ಎಂದು ಹಣ ಕೊಟ್ಟು, ಮರದ ಹಲಗೆಯ ಪುಟ್ಟ ಗೂಡಿನಲ್ಲಿ ಕುಳಿತು ಮಿಂಚಂಚೆ ನೋಡಿ ಎದ್ದು ಬರಬೇಕಿತ್ತು. ಜೇಬಿನ ದುಡ್ಡೇ ಅಂದು ಲಗಾಮು. ಅಂಗಡಿಯವನು ಬಾಗಿಲು ಹಾಕುವ ಹೊತ್ತು ಎರಡನೆಯ ಲಗಾಮು.

2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಸೇವೆ ಆರಂಭವಾದ ಮೇಲೆ ದರಗಳು ಪಾತಾಳಕ್ಕಿಳಿದವು. ಈಗ ಗಂಟೆಯ ಲೆಕ್ಕವಿಲ್ಲ, ಬಾಗಿಲು ಹಾಕುವವರಿಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್ ಲಾಕ್‌ಡೌನ್ ಬಂದಾಗ ಕಚೇರಿಯೂ ಶಾಲೆಯೂ ಮನೆಯ ಪರದೆಯೊಳಗೆ ಬಂದು ಕುಳಿತವು. ಕಚೇರಿಗಳು ಮತ್ತೆ ತೆರೆದವು, ಶಾಲೆಗಳೂ ತೆರೆದವು. ಆದರೆ ಆ ಎರಡು ವರ್ಷಗಳಲ್ಲಿ ಅಂಟಿದ ಅಭ್ಯಾಸ ಅನೇಕ ಮನೆಗಳಲ್ಲಿ ಹಾಗೆಯೇ ಉಳಿದುಕೊಂಡಿದೆ.

ಇದು ರೋಗವೇ?

ಅಂತರ್ಜಾಲವೂ ಒಂದು ಚಟವಾಗಬಹುದು ಎಂಬ ಮಾತು ಮೂವತ್ತು ವರ್ಷಗಳಷ್ಟು ಹಳೆಯದು. ತಮಾಷೆಯೆಂದರೆ ಆ ಹೆಸರು ಮೊದಲು ಬಂದದ್ದು ಹಾಸ್ಯಕ್ಕೆ. ಅಮೆರಿಕದ ಮನೋವೈದ್ಯ ಐವನ್ ಗೋಲ್ಡ್‌ಬರ್ಗ್ 1995ರಲ್ಲಿ ರೋಗಗಳಿಗೆ ಹೆಸರಿಡುವ ವೈದ್ಯಕೀಯ ಪದ್ಧತಿಯನ್ನು ಅಣಕಿಸಲು ‘ಇಂಟರ್ನೆಟ್ ಚಟದ ಕಾಯಿಲೆ’ಯ ಲಕ್ಷಣಗಳನ್ನು ಬರೆದರು. ಅದೇ ಸುಮಾರಿಗೆ ಮನಶ್ಶಾಸ್ತ್ರಜ್ಞೆ ಕಿಂಬರ್ಲಿ ಯಂಗ್ ಈ ವಿಷಯವನ್ನು ಗಂಭೀರವಾಗಿ ಕೈಗೆತ್ತಿಕೊಂಡರು. ಅವರ ಗೆಳತಿಯೊಬ್ಬಳ ಪತಿ ವಾರಕ್ಕೆ 40ರಿಂದ 60 ಗಂಟೆ ಚಾಟ್ ರೂಮುಗಳಲ್ಲಿ ಕಳೆಯುತ್ತಿದ್ದರು. ಸಂಸಾರ ಒಡೆಯುವ ಸ್ಥಿತಿಗೆ ಬಂದಿತ್ತು. 1996ರಲ್ಲಿ ಯಂಗ್ ತಮ್ಮ ಮೊದಲ ಅಧ್ಯಯನವನ್ನು ವಿದ್ವಾಂಸರ ಮುಂದಿಟ್ಟರು. ಅವರು ಸಿದ್ಧಪಡಿಸಿದ 20 ಪ್ರಶ್ನೆಗಳ ಪಟ್ಟಿ ಇಂದಿಗೂ ಹಲವು ದೇಶಗಳಲ್ಲಿ ಬಳಕೆಯಲ್ಲಿದೆ.

ವೈದ್ಯಲೋಕ ಇಂದು ನಿಂತಿರುವ ನಿಲುವು ಹೀಗಿದೆ. ಅಮೆರಿಕದ ಮನೋವೈದ್ಯರ ಸಂಘ 2013ರ ತನ್ನ ಕೈಪಿಡಿಯಲ್ಲಿ ಅಂತರ್ಜಾಲ ಆಟದ ಗೀಳನ್ನು ‘ಇನ್ನೂ ಅಧ್ಯಯನ ಆಗಬೇಕಾದದ್ದು’ ಎಂಬ ಪಟ್ಟಿಯಲ್ಲಿಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೇ ಆವೃತ್ತಿಗೆ 2019ರಲ್ಲಿ ಒಪ್ಪಿಗೆ ದೊರೆತು, 2022ರ ಜನವರಿಯಿಂದ ಅದು ಜಾರಿಗೆ ಬಂತು. ಅದರಲ್ಲಿ ಆಟದ ಗೀಳು ಒಂದು ಕಾಯಿಲೆ. ಆಟದ ಮೇಲೆ ಹಿಡಿತ ತಪ್ಪಿರಬೇಕು, ಉಳಿದೆಲ್ಲಕ್ಕಿಂತ ಆಟವೇ ಮುಖ್ಯವಾಗಿರಬೇಕು, ಹಾನಿ ಕಣ್ಣಿಗೆ ಕಂಡರೂ ಬಿಡಲಾಗದೆ ಮುಂದುವರಿದಿರಬೇಕು. ಇದು ಸಾಮಾನ್ಯವಾಗಿ 12 ತಿಂಗಳಾದರೂ ನಡೆದಿರಬೇಕು ಎಂಬುದು ಅಳತೆ. ಬರೀ ಹೆಚ್ಚು ಹೊತ್ತು ಅಂತರ್ಜಾಲ ನೋಡುವುದನ್ನು ಆ ಪಟ್ಟಿ ಕಾಯಿಲೆ ಎಂದಿಲ್ಲ. ಆದ್ದರಿಂದ ಫೋನ್ ಹಿಡಿದ ಮಕ್ಕಳಿಗೆಲ್ಲ ‘ರೋಗ ಬಂದಿದೆ’ ಎಂದು ಹಣೆಪಟ್ಟಿ ಹಚ್ಚುವುದು ಸರಿಯಲ್ಲ.

ಬೆಂಗಳೂರಿನ ಶಟ್ ಕ್ಲಿನಿಕ್

ಈ ವಿಷಯದಲ್ಲಿ ಕನ್ನಡಿಗರು ಹೆಮ್ಮೆ ಪಡಬೇಕಾದ ಸಂಗತಿಯೊಂದಿದೆ. ತಂತ್ರಜ್ಞಾನದ ಅತಿ ಬಳಕೆಗೆಂದೇ ಚಿಕಿತ್ಸೆ ನೀಡುವ ದೇಶದ ಮೊದಲ ಕ್ಲಿನಿಕ್‌ಗಳಲ್ಲಿ ಒಂದು 2014ರಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆರಂಭವಾಯಿತು. ಹೆಸರು ‘ಶಟ್’. ತಂತ್ರಜ್ಞಾನದ ಆರೋಗ್ಯಕರ ಬಳಕೆಗಾಗಿ ಸೇವೆ ಎಂಬ ಅರ್ಥದ ಇಂಗ್ಲಿಷ್ ಪದಗಳ ಮೊದಲಕ್ಷರಗಳಿಂದ ಈ ಹೆಸರು ಬಂದಿದೆ. ಕ್ಲಿನಿಕಲ್ ಮನಶ್ಶಾಸ್ತ್ರ ವಿಭಾಗದ ಡಾ. ಮನೋಜ್ ಕುಮಾರ್ ಶರ್ಮಾ ಇದರ ನೇತೃತ್ವ ವಹಿಸಿದವರು.

2018ರಲ್ಲಿ ಈ ಕ್ಲಿನಿಕ್‌ಗೆ ಬಂದ 26 ವರ್ಷದ ಯುವಕನೊಬ್ಬನ ಪ್ರಕರಣ ದೇಶದಾದ್ಯಂತ ಸುದ್ದಿಯಾಗಿತ್ತು. ಆತನಿಗೆ ಕೆಲಸವಿರಲಿಲ್ಲ. ಮನೆಯವರ ಒತ್ತಡ, ಗೆಳೆಯರು ಮುಂದೆ ಹೋಗುತ್ತಿದ್ದಾರೆಂಬ ಸಂಕಟ. ಆರು ತಿಂಗಳ ಕಾಲ ದಿನಕ್ಕೆ ಏಳು ಗಂಟೆಗೂ ಹೆಚ್ಚು ಹೊತ್ತು ನೆಟ್‌ಫ್ಲಿಕ್ಸ್‌ನಲ್ಲಿ ಧಾರಾವಾಹಿ ನೋಡುತ್ತಿದ್ದ. ನೋಡುತ್ತಿರುವಷ್ಟು ಹೊತ್ತು ಚಿಂತೆ ಮರೆಯುತ್ತಿತ್ತು. ಇಲ್ಲಿ ಗಮನಿಸಬೇಕಾದದ್ದು ಏಳು ಗಂಟೆ ಎಂಬ ಅಂಕಿಯನ್ನಲ್ಲ. ಕೆಲಸವಿಲ್ಲದ ನೋವೇ ಮೂಲ. ಪರದೆ ಆ ನೋವಿಗೆ ಹೊದಿಸಿದ ಹೊದಿಕೆ. ಹೊದಿಕೆ ಕಿತ್ತೆಸೆದರೆ ನೋವು ಹೋಗುವುದಿಲ್ಲ. ಆದ್ದರಿಂದಲೇ ಅವನಿಗೆ ಮನಸ್ಸನ್ನು ಸಡಿಲಗೊಳಿಸುವ ಅಭ್ಯಾಸದ ಜೊತೆಗೆ ಉದ್ಯೋಗದ ಬಗ್ಗೆಯೂ ಸಲಹೆ ನೀಡಲಾಯಿತು.

ಮಾದಾಪುರದ ಪರಿಸ್ಥಿತಿಗೆ ಈ ಪ್ರಕರಣ ಹಿಡಿದ ಕನ್ನಡಿಯಂತಿದೆ. ಪ್ರಾಜೆಕ್ಟ್ ಕೈತಪ್ಪಿ ‘ಬೆಂಚ್’ ಮೇಲೆ ಕುಳಿತವರು, ಕೆಲಸ ಕಳೆದುಕೊಂಡರೂ ಊರಿಗೆ ತಿಳಿಸದವರು, ಕೋರ್ಸ್ ಮುಗಿಸಿ ವರ್ಷವಾದರೂ ಕರೆ ಬಾರದವರು ಇಲ್ಲಿನ ಹಾಸ್ಟೆಲುಗಳಲ್ಲಿ ಕಡಿಮೆಯೇನಿಲ್ಲ. ಊರಿಂದ ಫೋನ್ ಬಂದರೆ ‘ಊಟಾಯ್ತು ಅವ್ವಾ, ಎಲ್ಲಾ ಛಲೋ ಅದ’ ಎಂಬ ಒಂದೇ ಉತ್ತರ. ಫೋನ್ ಇಟ್ಟ ಮರುಕ್ಷಣ ಮತ್ತೆ ಪರದೆ. ಹೆತ್ತವರಿಗೆ ಮಗನ ದನಿ ಕೇಳಿಸುತ್ತದೆ, ಮನಸ್ಸು ಕಾಣುವುದಿಲ್ಲ.

ಬೆರಳು ನಿಲ್ಲದಿರಲು ಕಾರಣ

‘ಐದು ನಿಮಿಷ ನೋಡಿ ಮಲಗುತ್ತೇನೆ’ ಎಂದವರು ಎರಡು ಗಂಟೆ ಕಳೆಯುವುದೇಕೆ? ಇದನ್ನು ಬರೀ ಮನೋಬಲದ ಕೊರತೆ ಎನ್ನುವಂತಿಲ್ಲ. ಪುಸ್ತಕಕ್ಕೆ ಪುಟ ಮುಗಿಯುತ್ತದೆ, ಪತ್ರಿಕೆಗೆ ಕೊನೆಯ ಪುಟವಿದೆ. ಮುಗಿದಾಗ ‘ಸಾಕು’ ಎಂದು ಮನಸ್ಸಿಗೆ ಹೊಳೆಯುತ್ತದೆ. ಅಮೆರಿಕದ ಏಜಾ ರಾಸ್ಕಿನ್ ಎಂಬ ತಂತ್ರಜ್ಞ 2006ರಲ್ಲಿ ರೂಪಿಸಿದ, ಎಷ್ಟು ಎಳೆದರೂ ಕೊನೆಯಿಲ್ಲದ ಪುಟದ ವಿಧಾನ ಆ ‘ಸಾಕು’ ಎಂಬ ಜಾಗವನ್ನೇ ತೆಗೆದುಹಾಕಿತು. ಅದರಿಂದಾದ ಸಮಯದ ಹಾನಿಯ ಬಗ್ಗೆ ಅವರೇ ಮುಂದೆ ಬಹಿರಂಗವಾಗಿ ವಿಷಾದಿಸಿದ್ದಾರೆ.

ಇನ್ನೊಂದು ಕಾರಣ ಬಹುಮಾನದ ಅನಿಶ್ಚಿತತೆ. ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಪ್ರಾಣಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಗುಂಡಿ ಒತ್ತಿದಾಗಲೆಲ್ಲ ಕಾಳು ಸಿಕ್ಕರೆ ಅವು ಬೇಕಾದಾಗ ಮಾತ್ರ ಒತ್ತುತ್ತಿದ್ದವು. ಯಾವಾಗ ಸಿಗುತ್ತದೆಂದು ಗೊತ್ತಿಲ್ಲದಿದ್ದರೆ ಬಿಡದೆ ಒತ್ತುತ್ತಲೇ ಇರುತ್ತಿದ್ದವು. ಲಾಟರಿ ಅಂಗಡಿಯ ಮುಂದಿನ ಸಾಲು ನಡೆಯುತ್ತಿದ್ದದ್ದೂ ಇದೇ ನಿಯಮದ ಮೇಲೆ. ಹತ್ತು ರೀಲ್ಸ್ ಸಪ್ಪೆಯಾಗಿದ್ದರೂ ಹನ್ನೊಂದನೆಯದು ನಗಿಸಬಹುದು ಎಂಬ ಆಸೆಗೆ ಬೆರಳು ಮುಂದೆ ಸರಿಯುತ್ತದೆ.

ನಿದ್ದೆಯ ಸಾಲ

ಅಂತರ್ಜಾಲ ಮನಸ್ಸನ್ನು ಕೆಡಿಸುವ ಅತ್ಯಂತ ನೇರವಾದ ದಾರಿ ನಿದ್ದೆಯದ್ದು. ವಯಸ್ಕರಿಗೆ ದಿನಕ್ಕೆ ಕನಿಷ್ಠ ಏಳು ಗಂಟೆ ನಿದ್ದೆ ಬೇಕು ಎಂಬುದು ವೈದ್ಯರ ಒಮ್ಮತ. ಕತ್ತಲಾದ ಮೇಲೆ ಮೆದುಳಿನಲ್ಲಿ ಮೆಲಟೋನಿನ್ ಎಂಬ ರಸ ಒಸರಿ ನಿದ್ದೆಯ ಸೂಚನೆ ಕೊಡುತ್ತದೆ. ಪರದೆಯ ಬೆಳಕು ಅದನ್ನು ತಡ ಮಾಡುತ್ತದೆ. ಬೆಳಕಿಗಿಂತಲೂ ಹೆಚ್ಚಿನ ಹಾನಿ ಪರದೆಯೊಳಗಿನ ವಿಷಯದಿಂದ: ಜಗಳದ ಚರ್ಚೆ, ಕ್ರಿಕೆಟ್, ಕಚೇರಿಯ ಸಂದೇಶ, ಇನ್ನೊಬ್ಬರ ವಿದೇಶ ಪ್ರವಾಸದ ಚಿತ್ರ ಇವು ಮಲಗಬೇಕಾದ ಮನಸ್ಸನ್ನು ಎಬ್ಬಿಸಿ ಕೂರಿಸುತ್ತವೆ.

ಅಮೆರಿಕದ ವೇಳೆಗೆ ಸರಿಯಾಗಿ ರಾತ್ರಿ ಪಾಳಿ ಮಾಡುವ ಮಾದಾಪುರದ ನೌಕರರಿಗೆ ಈ ಪೆಟ್ಟು ಇಮ್ಮಡಿ. ಬೆಳಗಿನ ಜಾವ ಬಂದು, ‘ಇಡೀ ರಾತ್ರಿ ಕಂಪನಿಯದ್ದಾಯಿತು, ಈಗ ನನ್ನದು’ ಎಂದು ಫೋನ್ ಹಿಡಿದು ಮತ್ತೆರಡು ಗಂಟೆ ಕಳೆಯುತ್ತಾರೆ. ಬ್ಯಾಂಕಿನ ಸಾಲಕ್ಕೆ ಕಂತು ಕಟ್ಟಲು ಗಡುವಾದರೂ ಇರುತ್ತದೆ. ನಿದ್ದೆಯ ಸಾಲ ಸದ್ದಿಲ್ಲದೆ ಬೆಳೆದು ಸಿಡುಕು, ಮರೆವು, ಆತಂಕ, ಖಿನ್ನತೆಯ ರೂಪದಲ್ಲಿ ಬಡ್ಡಿಯೊಂದಿಗೆ ವಸೂಲಾಗುತ್ತದೆ.

ಅಧ್ಯಯನಗಳು ಹೇಳುವುದೇನು?

ಇಲ್ಲಿ ಎರಡೂ ಕಡೆಯ ಲೆಕ್ಕ ನೋಡುವುದು ನ್ಯಾಯ. ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ 73 ಮನೆಗಳ 169 ಜನರಿಗೆ ಅಂತರ್ಜಾಲ ಒದಗಿಸಿ ಅವರನ್ನು ಗಮನಿಸಿದ ಅಧ್ಯಯನವೊಂದು 1998ರಲ್ಲಿ ಪ್ರಕಟವಾಯಿತು. ಹೆಚ್ಚು ಬಳಸಿದವರಲ್ಲಿ ಮನೆಯವರೊಂದಿಗಿನ ಮಾತು ತಗ್ಗಿ ಒಂಟಿತನ ತುಸು ಹೆಚ್ಚಿತ್ತು. ಆದರೆ ಅದೇ ಸಂಶೋಧಕರು ಅವರನ್ನೇ ಮತ್ತೆ ಗಮನಿಸಿ 2002ರಲ್ಲಿ ಬರೆದಾಗ ಆ ಕೆಟ್ಟ ಪರಿಣಾಮಗಳು ಬಹುಮಟ್ಟಿಗೆ ಕರಗಿಹೋಗಿದ್ದವು. 2018ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ 143 ವಿದ್ಯಾರ್ಥಿಗಳ ಅಧ್ಯಯನದಲ್ಲಿ, ಮೂರು ಸಾಮಾಜಿಕ ಜಾಲತಾಣಗಳನ್ನು ತಲಾ ದಿನಕ್ಕೆ 10 ನಿಮಿಷಕ್ಕೆ ಮಿತಿಗೊಳಿಸಿದವರಲ್ಲಿ ಮೂರು ವಾರಗಳಲ್ಲಿ ಒಂಟಿತನ ಮತ್ತು ಖಿನ್ನತೆ ಕಡಿಮೆಯಾದವು. ಇನ್ನೊಂದೆಡೆ 2019ರಲ್ಲಿ ಆಕ್ಸ್‌ಫರ್ಡ್‌ನ ಏಮಿ ಓರ್ಬೆನ್ ಮತ್ತು ಆಂಡ್ರ್ಯೂ ಪ್ರಿಜಿಬಿಲ್‌ಸ್ಕಿ ದೊಡ್ಡ ಸಮೀಕ್ಷೆಗಳನ್ನು ಪರಿಶೀಲಿಸಿ, ಹದಿಹರೆಯದವರ ನೆಮ್ಮದಿಯ ಏರಿಳಿತದಲ್ಲಿ ಡಿಜಿಟಲ್ ಬಳಕೆಯ ಪಾಲು ಹೆಚ್ಚೆಂದರೆ ಶೇ 0.4 ಎಂದರು.

ಇವನ್ನು ಜೋಡಿಸಿ ನೋಡಿದರೆ ಒಂದು ಮಾತು ಹೊಳೆಯುತ್ತದೆ. ಎಲ್ಲರನ್ನೂ ಒಟ್ಟು ಹಾಕಿ ಸರಾಸರಿ ತೆಗೆದರೆ ಹಾನಿ ಸಣ್ಣದಾಗಿ ಕಾಣುತ್ತದೆ. ಆದರೆ ಸರಾಸರಿಯಲ್ಲಿ ಯಾರ ಮನೆಯೂ ನಡೆಯುವುದಿಲ್ಲ. ಮೊದಲೇ ನೊಂದವರು, ಒಂಟಿಯಾದವರು, ನಿದ್ದೆಗೆಟ್ಟವರು ಹೆಚ್ಚು ಮುಳುಗುತ್ತಾರೆ. ಮುಳುಗಿದಷ್ಟೂ ನೋವು ಹೆಚ್ಚುತ್ತದೆ. ನೋವು ಗೀಳಿಗೆ ಕಾರಣ, ಗೀಳು ನೋವಿಗೆ ಕಾರಣ ಎಂಬಂತೆ ಇದು ಸುತ್ತುತ್ತಲೇ ಇರುತ್ತದೆ.

ಆದ್ದರಿಂದ ಗಂಟೆ ಎಣಿಸುವುದಕ್ಕಿಂತ ಕೆಲವು ಪ್ರಶ್ನೆ ಕೇಳಿಕೊಳ್ಳುವುದು ಲೇಸು. ಫೋನ್ ಕೈಯಲ್ಲಿಲ್ಲದಿದ್ದರೆ ಚಡಪಡಿಕೆ ಆಗುತ್ತಿದೆಯೇ? ನಿಲ್ಲಿಸಬೇಕೆಂದುಕೊಂಡರೂ ನಿಲ್ಲಿಸಲು ಆಗುತ್ತಿಲ್ಲವೇ? ನಿದ್ದೆ, ಊಟ, ಸ್ನಾನ, ಕೆಲಸಗಳಲ್ಲಿ ಯಾವುದಾದರೂ ತಪ್ಪುತ್ತಿದೆಯೇ? ಎಷ್ಟು ಹೊತ್ತು ನೋಡಿದೆ ಎಂಬುದನ್ನು ಮನೆಯವರಿಂದ ಮುಚ್ಚಿಡಬೇಕಾಗಿದೆಯೇ? ನೋಡಿ ಮುಗಿಸಿದ ಮೇಲೆ ಮನಸ್ಸು ಹಗುರವಾಗುತ್ತದೆಯೇ, ಭಾರವಾಗುತ್ತದೆಯೇ? ಹತ್ತು ಗಂಟೆ ಕಂಪ್ಯೂಟರ್ ಮುಂದೆ ಕುಳಿತು ಸಂಬಳ ತರುವ ನೌಕರನಿಗೆ ಗೀಳಿಲ್ಲದಿರಬಹುದು, ಮೂರೇ ಗಂಟೆ ನೋಡುವವನಿಗೆ ಇರಬಹುದು.

ದುಡ್ಡಿನ ಆಟ, ಸಾಲದ ಪಾಶ

ಗೀಳಿನ ಜೊತೆ ಹಣ ಸೇರಿದರೆ ಅನಾಹುತ ಬಲುಬೇಗ ಬರುತ್ತದೆ. ರಮ್ಮಿ ಮುಂತಾದ ಹಣ ಪಣಕ್ಕಿಡುವ ಆನ್‌ಲೈನ್ ಆಟಗಳನ್ನು ತೆಲಂಗಾಣ 2017ರಲ್ಲೇ ಕಾನೂನಿನ ಮೂಲಕ ನಿಷೇಧಿಸಿತು. ಕರ್ನಾಟಕ 2021ರಲ್ಲಿ ತಂದ ಇಂಥದೇ ತಿದ್ದುಪಡಿಯ ಮುಖ್ಯ ಅಂಶಗಳನ್ನು ರಾಜ್ಯದ ಹೈಕೋರ್ಟ್ 2022ರ ಫೆಬ್ರುವರಿಯಲ್ಲಿ ರದ್ದುಪಡಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣದ ಆನ್‌ಲೈನ್ ಆಟಗಳನ್ನು ದೇಶಾದ್ಯಂತ ನಿಷೇಧಿಸುವ ಕಾಯ್ದೆಯನ್ನು ಅಂಗೀಕರಿಸಿತು. ಕಾನೂನು ಬಾಗಿಲು ಮುಚ್ಚಬಹುದು, ಕಳ್ಳದಾರಿಗಳಿಗೆ ಬರವಿಲ್ಲ. ಸಂಬಳ ಜಮೆಯಾದ ಮೂರೇ ದಿನಕ್ಕೆ ಖಾತೆ ಬರಿದಾಗುವುದು, ಸಣ್ಣ ಸಣ್ಣ ಮೊತ್ತಗಳು ನಡುರಾತ್ರಿ ಪದೇ ಪದೇ ಕಡಿತವಾಗುವುದು, ಸಾಲದ ಆ್ಯಪ್‌ಗಳಿಂದ ಹಣ ಬಂದು ಹೋಗುವುದು ಕಂಡರೆ ಮನೆಯವರು ಎಚ್ಚರಗೊಳ್ಳಬೇಕು. ಬೈಗುಳಕ್ಕಿಂತ ಮೊದಲು ಮಾತು ಆಗಬೇಕು. ಸಾಲದ ನಾಚಿಕೆಯಿಂದ ಬಾಯಿ ಬಿಡದೆ ಜೀವಕ್ಕೇ ಎರವಾದವರಿದ್ದಾರೆ ಎಂಬುದನ್ನು ಮರೆಯಬಾರದು.

ಮಕ್ಕಳು, ಹಿರಿಯರು

ಒಂದು ವರ್ಷದೊಳಗಿನ ಮಕ್ಕಳಿಗೆ ಪರದೆ ಬೇಡವೇ ಬೇಡ, 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಿಳಿಸಿದೆ. 16 ವರ್ಷದೊಳಗಿನವರು ಪ್ರಮುಖ ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದದಂತೆ ಆಸ್ಟ್ರೇಲಿಯ 2025ರ ಡಿಸೆಂಬರ್ 10ರಿಂದ ನಿರ್ಬಂಧ ಹೇರಿದೆ. ಸರ್ಕಾರ ಏನೇ ಮಾಡಲಿ, ತುತ್ತು ತಿನ್ನಿಸಲು ಮಗುವಿನ ಕೈಗೆ ಫೋನ್ ಕೊಡುವುದು ಮನೆಯವರೇ. ಅಪ್ಪ ಊಟದ ತಟ್ಟೆಯ ಪಕ್ಕ ಫೋನ್ ಇಟ್ಟುಕೊಂಡರೆ ಮಗನಿಗೆ ಹೇಳುವ ಬುದ್ಧಿವಾದಕ್ಕೆ ಬೆಲೆಯಿರುವುದಿಲ್ಲ.

ಹಿರಿಯರ ಸ್ಥಿತಿಯೂ ಚರ್ಚೆಯಾಗಬೇಕು. ಮೊಮ್ಮಕ್ಕಳನ್ನು ನೋಡಿಕೊಳ್ಳಲು ಊರಿನಿಂದ ಬಂದ ಅಜ್ಜ ಅಜ್ಜಿಗೆ ಹನ್ನೆರಡನೇ ಮಹಡಿಯ ಫ್ಲ್ಯಾಟಿನಲ್ಲಿ ಮಾತಿಗೆ ಯಾರೂ ಇಲ್ಲ. ಕಟ್ಟೆಯಿಲ್ಲ, ಸಂತೆಯಿಲ್ಲ. ದಿನವಿಡೀ ವಾಟ್ಸ್‌ಆ್ಯಪ್ ನೋಡಿ ಸುಳ್ಳು ಸುದ್ದಿಗೆ ಗಾಬರಿಯಾಗುವವರು, ‘ಡಿಜಿಟಲ್ ಅರೆಸ್ಟ್’ ಹೆಸರಿನ ವಂಚನೆಗೆ ಸಿಕ್ಕು ಉಳಿತಾಯ ಕಳೆದುಕೊಳ್ಳುವವರು ಇವರೇ. ಅವರ ಕೈಯಿಂದ ಫೋನ್ ಕಸಿಯುವುದಕ್ಕಿಂತ ಸಂಜೆ ಶಿಲ್ಪಾರಾಮಕ್ಕೋ ಹತ್ತಿರದ ಉದ್ಯಾನಕ್ಕೋ ಕರೆದೊಯ್ಯುವುದು ಉತ್ತಮ.

ಪರಿಹಾರ ಎಲ್ಲಿದೆ?

‘ಇವನನ್ನು ಎರ್ರಗಡ್ಡಕ್ಕೆ ಸೇರಿಸಬೇಕು’ ಎಂಬುದು ಹೈದರಾಬಾದಿನಲ್ಲಿ ಹಳೆಯ ಕುಹಕ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಹೆಸರಿಗೂ ಅದೇ ಗತಿ. ಈ ತಮಾಷೆಯೇ ಅನೇಕರನ್ನು ವೈದ್ಯರ ಬಾಗಿಲಿನಿಂದ ದೂರವಿಟ್ಟಿದೆ. ಎರ್ರಗಡ್ಡದಲ್ಲಿರುವುದು ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆ. ಜ್ವರಕ್ಕೆ ಆಸ್ಪತ್ರೆಗೆ ಹೋಗುವಂತೆಯೇ ಅಲ್ಲಿಗೂ ಹೋಗಬಹುದು. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ‘ಟೆಲಿ ಮಾನಸ್’ ಸಹಾಯವಾಣಿ 14416ಕ್ಕೆ ದಿನದ ಯಾವುದೇ ಹೊತ್ತಿನಲ್ಲಿ ಉಚಿತವಾಗಿ ಕರೆ ಮಾಡಬಹುದು. ಕನ್ನಡ, ತೆಲುಗು ಸೇರಿದಂತೆ 20 ಭಾಷೆಗಳಲ್ಲಿ ಸೇವೆಯಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ದೈಹಿಕ ಕಾಯಿಲೆಗಳಂತೆಯೇ ಮಾನಸಿಕ ಕಾಯಿಲೆಗೂ ವಿಮೆ ಒದಗಿಸಬೇಕೆಂದು ವಿಮಾ ಕಂಪನಿಗಳಿಗೆ ವಿಧಿಸಿದೆ. ಪಾಲಿಸಿ ಇರುವವರು ತಮ್ಮ ಕಾಗದಪತ್ರಗಳನ್ನು ಒಮ್ಮೆ ತೆರೆದು ನೋಡುವುದು ಒಳ್ಳೆಯದು.

ಮನೆಯಲ್ಲೇ ಮಾಡಬಹುದಾದ ಸುಲಭ ಉಪಾಯಗಳೂ ಇವೆ. ಮಲಗುವ ಕೋಣೆಯ ಹೊರಗೆ ಫೋನ್ ಚಾರ್ಜಿಗೆ ಹಾಕಿ, ಬೆಳಿಗ್ಗೆ ಏಳಲು ಹಳೆಯ ಅಲಾರಾಂ ಗಡಿಯಾರ ಇಟ್ಟುಕೊಳ್ಳುವುದು. ಬೇಡದ ಆ್ಯಪ್‌ಗಳ ಸೂಚನೆಗಳನ್ನು ನಿಲ್ಲಿಸುವುದು. ಊಟದ ಹೊತ್ತಿಗೆ ಎಲ್ಲರ ಫೋನುಗಳನ್ನೂ ಒಂದೇ ಕಡೆ ಇಡುವುದು. ವಾರಕ್ಕೊಮ್ಮೆ ಫೋನಿನಲ್ಲೇ ಸಿಗುವ ಬಳಕೆಯ ಲೆಕ್ಕವನ್ನು ಪಾಸ್‌ಬುಕ್ ನೋಡುವಂತೆ ನೋಡುವುದು. ಕರ್ನಾಟಕದ ಗಡಿಗೆ ಹತ್ತಿರವಿರುವ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್ ಎಂಬ ಹಳ್ಳಿಯಲ್ಲಿ 2022ರಿಂದ ಸಂಜೆ ಏಳಕ್ಕೆ ಸೈರನ್ ಮೊಳಗಿಸಿ, ಒಂದೂವರೆ ಗಂಟೆ ಟಿವಿ, ಮೊಬೈಲ್ ಬಂದ್ ಮಾಡುವ ಪದ್ಧತಿ ಆರಂಭವಾಯಿತು. ಒಬ್ಬರೇ ಬಿಡುವುದು ಕಷ್ಟ, ಊರೇ ಬಿಟ್ಟರೆ ಸುಲಭ ಎಂಬುದನ್ನು ಆ ಹಳ್ಳಿ ತೋರಿಸಿಕೊಟ್ಟಿದೆ.

ಸಂಘಗಳ ಹೊಣೆ

ಇಲ್ಲಿಯೇ ಕನ್ನಡ ಸಂಘಗಳ ಪಾತ್ರ ಬರುವುದು. ಪರದೆಯನ್ನು ಬಿಡು ಎಂದು ಹೇಳುವುದು ಸುಲಭ. ಬಿಟ್ಟ ಹೊತ್ತಿನಲ್ಲಿ ಏನು ಮಾಡಬೇಕು ಎಂಬುದಕ್ಕೆ ಉತ್ತರ ಬೇಕು. ರಾಜ್ಯೋತ್ಸವ, ಯುಗಾದಿಗಳಿಗೆ ಸಭಾಂಗಣ ತುಂಬುತ್ತದೆ ನಿಜ. ಆದರೆ ಒಂಟಿತನ ವರ್ಷಕ್ಕೆರಡು ಬಾರಿ ಬರುವ ಹಬ್ಬವಲ್ಲ, ಪ್ರತಿ ಭಾನುವಾರ ಸಂಜೆಯೂ ಬರುತ್ತದೆ. ತಿಂಗಳಿಗೊಮ್ಮೆ ಜೋಳದ ರೊಟ್ಟಿ, ಶೇಂಗಾ ಹಿಂಡಿಯ ಸಾಮೂಹಿಕ ಊಟ, ಬೆಳಗಿನ ನಡಿಗೆಯ ತಂಡ, ಮಕ್ಕಳಿಗೆ ಕನ್ನಡ ತರಗತಿ, ಹಿರಿಯರಿಗೆ ಭಜನೆ ಅಥವಾ ಚೌಕಾಬಾರ ಇವಕ್ಕೆ ದೊಡ್ಡ ಖರ್ಚಿಲ್ಲ. ವರ್ಷಕ್ಕೊಮ್ಮೆ ಕನ್ನಡ ಬಲ್ಲ ಮನೋವೈದ್ಯರನ್ನೋ ಆಪ್ತಸಲಹೆಗಾರರನ್ನೋ ಕರೆಸಿ ಮಾತನಾಡಿಸಿದರೆ ಇನ್ನೂ ಒಳ್ಳೆಯದು. ನೋವನ್ನು ಹೇಳಿಕೊಳ್ಳಲು ತಾಯ್ನುಡಿಯಷ್ಟು ಹತ್ತಿರದ ಭಾಷೆ ಇನ್ನೊಂದಿಲ್ಲ.

ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹೊಸದಾಗಿ ಸೇರಿದ ಎಷ್ಟೋ ಹೆಸರುಗಳಿರುತ್ತವೆ. ಅವರು ಶುಭೋದಯದ ಚಿತ್ರಗಳಿಗೆ ಕೈಮುಗಿದ ಗುರುತು ಹಾಕುತ್ತಾರೆ, ಮುಖ ಮಾತ್ರ ಯಾರೂ ಕಂಡಿಲ್ಲ. ಪದಾಧಿಕಾರಿಗಳು ಆ ಪಟ್ಟಿ ಹಿಡಿದು ವಾರಕ್ಕೆ ಇಬ್ಬರಿಗೆ ಕರೆ ಮಾಡಿ ‘ಭಾನುವಾರ ಮನೆಗೆ ಊಟಕ್ಕೆ ಬನ್ನಿ’ ಎಂದು ಕರೆದರೆ, ಅದಕ್ಕಿಂತ ದೊಡ್ಡ ಕನ್ನಡ ಸೇವೆ ಬೇರೆ ಬೇಕಿಲ್ಲ.